ಬಗ್ಗಿ ಹಾರಿದ ಡ್ರೋನ್

ತಾರೈವಿನಿಗೆ ಡ್ರೋನ್ ಸಿಕ್ಕಿದ್ದು ಅವಳ ಕೈ ನಡುಗುವುದಿಲ್ಲ ಎಂಬ ಒಂದೇ ಕಾರಣಕ್ಕೆ. ಸಮುದ್ರ ಕಾಯುವ ಸಂಘದವರು ಪಟ್ಟಣದಿಂದ ಅದನ್ನು ನಮ್ಮ ನಸೋಲೋ ಹಳ್ಳಿಗೆ ತಂದಾಗ ಗಂಡಸರೆಲ್ಲ ಸರದಿಯಂತೆ ಹಾರಿಸಿ ನೋಡಿದರು. ಒಬ್ಬ ತೆಂಗಿನ ಮರಕ್ಕೆ ಹೊಡೆದ. ಇನ್ನೊಬ್ಬ ಊರಿನ ಹಂದಿಗಳನ್ನೆಲ್ಲ ಗೆಣಸಿನ ಹೊಲಕ್ಕೆ ಓಡಿಸಿದ. ಚಾಪೆ ಹೆಣೆಯುತ್ತಿದ್ದ ತಾರೈವಿನಿ ಎದ್ದು ಬಂದು, ಅದನ್ನು ಮೇಲೆತ್ತಿ, ಗಾಳಿಯಲ್ಲಿ ಅಲ್ಲಾಡದಂತೆ ನಿಲ್ಲಿಸಿ, ಹೊರಟ ಜಾಗಕ್ಕೇ ಇಳಿಸಿದಳು.

"ಚಾಪೆ ಹೆಣೆಯೋಳಿಗೆ ಆಕಾಶ ಒಪ್ಸಿಬಿಟ್ರಲ್ಲಪ್ಪ!" ಎಂದ ಅವಳ ಅತ್ತೆಯ ಮಗ ಅಪಿಸಾಯಿ. ಊರಿನ ದೋಣಿ ನಡೆಸುವವನು ಅವನೇ.

"ನಿನ್ನ ದೋಣಿ ನೆಟ್ಟಗೆ ಹೋಗೋದು ಕಲೀಲಿ ಮೊದ್ಲು. ಆಮೇಲೆ ಮಾತಾಡು."

ಕಾಯಬೇಕಾಗಿದ್ದದ್ದು ವತುಮನು ನಡುಗಡ್ಡೆಯನ್ನು. ನಮ್ಮ ಹವಳದ ದಿಬ್ಬದ ಅಂಚಿನಲ್ಲಿರುವ ಅಂಗೈಯಗಲದ ಮರಳು ಅದು. ಕಪ್ಪು ಜುಟ್ಟಿನ, ಹಳದಿ ಕೊಕ್ಕಿನ ಕಡಲ ರೀವ ಹಕ್ಕಿಗಳು ಪ್ರತಿವರ್ಷ ಅಲ್ಲಿ ಬರಿ ಮರಳಿನ ಮೇಲೆಯೇ ಮೊಟ್ಟೆ ಇಡುತ್ತವೆ. ಪಕ್ಕದ ಊರಿನವರಿಗೂ ಇಂಥದೊಂದು ನಡುಗಡ್ಡೆ ಇತ್ತು. ದೋಣಿಗಳಲ್ಲಿ ಬಂದವರು ಮೊಟ್ಟೆ ತುಳಿದು, ಆರಿಸಿ, ಕಡೆಗೆ ಹಕ್ಕಿಗಳು ಅತ್ತ ಬರುವುದನ್ನೇ ಬಿಟ್ಟವು. ಅದಕ್ಕೆ ನಮ್ಮ ಊರ ಒಡೆಯ ರಾತು ಎಸಾಲಾ ವತುಮನುವಿಗೆ ತಂಬು, ಅಂದರೆ ಯಾರೂ ಮೀರಬಾರದ ನಿಷೇಧ, ಹಾಕಿಸಿದ್ದರು. ಬಟ್ಟೆ ಕಟ್ಟಿದ ಕಂಬವನ್ನು ದಿಬ್ಬದ ಮೇಲೆ ನೆಟ್ಟ ಮೇಲೆ ನಮ್ಮವರು ಯಾರೂ ಅಲ್ಲಿ ಕಾಲಿಡಲಿಲ್ಲ. ಆದರೆ ಹೊರಗಿನವರಿಗೆ ಕಂಬದ ಅರ್ಥ ಏನು ಗೊತ್ತು? ಊರಿನಿಂದ ನೋಡಿದರೆ ನಡುಗಡ್ಡೆಯ ಆಚೆ ಬದಿ ಕಾಣುವುದೂ ಇಲ್ಲ. ಡ್ರೋನ್ ಬೇಕಾದದ್ದು ಆ ಬದಿಗೆ.

ತಾರೈವಿನಿ ಹೇಳಿಕೊಟ್ಟದ್ದನ್ನೆಲ್ಲ ಕಲಿತಿದ್ದಳು. ಗಾಳಿ ಜೋರಿದ್ದರೆ ಹಾರಿಸುತ್ತಿರಲಿಲ್ಲ. ಕಣ್ಣಿಗೆ ಕಾಣದಷ್ಟು ದೂರ ಕಳಿಸುತ್ತಿರಲಿಲ್ಲ. ಆದರೆ ಮೊದಲ ಸಲ ವತುಮನುವಿಗೆ ಹೋದಾಗ, ಚಿತ್ರ ಚೆನ್ನಾಗಿ ಬರಲೆಂದು ಡ್ರೋನನ್ನು ಹಕ್ಕಿಗಳ ನೆತ್ತಿಗೆ ಸರಿಯಾಗಿ ನಿಲ್ಲಿಸಿ, ನೂಲಿನ ತುದಿಯ ಜೇಡದಂತೆ ನೇರ ಕೆಳಗೆ ಬಿಟ್ಟಳು. ಇಡೀ ಹಿಂಡು ಚೀರುತ್ತ ಎದ್ದಿತು. ತಾಯಂದಿರು ಮೇಲೆದ್ದದ್ದೇ ತಡ, ಮರಳಿನ ಬಿಲಗಳಿಂದ ಏಡಿಗಳು ಹೊರಬಿದ್ದವು. ಮೊಟ್ಟೆಗಳನ್ನು ಅವು ಎಳೆದೊಯ್ಯುವುದು ಅಂಗೈಯಲ್ಲಿದ್ದ ಪರದೆಯ ಮೇಲೆ ಅವಳಿಗೆ ಸ್ಪಷ್ಟವಾಗಿ ಕಂಡಿತು.

"ತೆಗಿಯೇ! ತೆಗಿ ಅದನ್ನ ಅಲ್ಲಿಂದ!" ಎಂದು ಅಪಿಸಾಯಿ ಕೂಗಿದ. ಅಂದು ಅವನು ತಮಾಷೆ ಮಾಡಲಿಲ್ಲ.

ಯಾರೂ ಕರೆಸುವ ಮೊದಲೇ ತಾರೈವಿನಿ, ಕ್ಷಮೆಯನ್ನೋ ಅಪ್ಪಣೆಯನ್ನೋ ಕೇಳುವಾಗ ನಮ್ಮಲ್ಲಿ ಒಪ್ಪಿಸುವ, ಅರೆದು ಕುಡಿಯುವ ಯಂಗೋನಾ ಬೇರಿನ ಕಟ್ಟು ಹಿಡಿದು ಒಡೆಯರ ಮನೆಗೆ ಹೋದಳು. ಅದನ್ನು ಚಾಪೆಯ ಮೇಲಿಟ್ಟು, ತಲೆ ತಗ್ಗಿಸಿ ನಡೆದದ್ದೆಲ್ಲ ಹೇಳಿದಳು. ರಾತು ಬೇರನ್ನು ಮುಟ್ಟಿ ಸ್ವೀಕರಿಸಿದರು.

"ಮೊಟ್ಟೆ ಮುಟ್ಬೇಡಿ ಅಂತ ನಾನು ಊರಿಗೆಲ್ಲ ಹೇಳ್ದೆ. ನೀನು ಹೋಗಿ ಏಡಿಗಳಿಗೆ ಔತಣ ಹಾಕಿ ಬಂದ್ಯಲ್ಲಮ್ಮ."

"ತಪ್ಪಾಯ್ತು ರಾತು."

"ಉಳಿದ ಮೊಟ್ಟೆ ಮರಿಯಾಗಿ ಹಾರೋವರೆಗೂ ನೋಡ್ತೀನಿ. ಇನ್ನೊಂದ್ಸಲ ನಿನ್ನ ಯಂತ್ರಕ್ಕೆ ಹಕ್ಕಿ ಎದ್ವು ಅಂದ್ರೆ ಅದು ಪಟ್ಟಣಕ್ಕೆ ವಾಪಸ್. ವತುಮನು ಕಾಯೋಕೆ ಬೇರೆ ದಾರಿ ದೇವರೇ ತೋರಿಸ್ಲಿ."

ಬೇರೆ ದಾರಿ ಇಲ್ಲ ಎಂಬುದು ಅವಳಿಗೂ ಗೊತ್ತು, ರಾತುವಿಗೂ ಗೊತ್ತು. ಡ್ರೋನ್ ಹೋದರೆ ನಡುಗಡ್ಡೆಯ ಆಚೆ ಬದಿ ಮತ್ತೆ ಕುರುಡು. ಪಕ್ಕದ ಊರಿಗೆ ಆದದ್ದೇ ನಮಗೂ ಆಗುತ್ತಿತ್ತು.

ತಾರೈವಿನಿ ಅದನ್ನು ಮುಟ್ಟುವುದನ್ನೇ ಬಿಟ್ಟಳು. ಒಂದು ದಿನ ಪ್ರಾರ್ಥನೆ ಮುಗಿಸಿ ನಾವು ಹೆಂಗಸರು ಅವಳ ಮನೆಯಲ್ಲಿ ಚಾಪೆ ಹೆಣೆಯಲು ಕೂತಿದ್ದೆವು. ಅವಳ ಅತ್ತೆ, ಅಪಿಸಾಯಿಯ ತಾಯಿ ಮೆರೆಯಾನಿ ದೊಡ್ಡ ಮೈಯವರು, ಮಂಡಿ ನೋವು ಬೇರೆ. ನಮ್ಮ ಬೆನ್ನ ಹಿಂದಿನಿಂದ ಚಹಾದ ಕೆಟಲಿಗೆ ಹೋಗುವಾಗ ಅವರು ನೆಲಕ್ಕೆ ತಾಗುವಷ್ಟು ಬಗ್ಗಿ, "ತಿಲೌ, ತಿಲೌ" ಎಂದು ಮೆಲ್ಲಗೆ ಕ್ಷಮೆ ಕೇಳುತ್ತ, ಪಕ್ಕದಿಂದ ಸರಿದುಹೋದರು. ಕೂತವರ ತಲೆಗಿಂತ ಎತ್ತರಕ್ಕೆ ನಮ್ಮಲ್ಲಿ ಯಾರೂ ನಡೆಯುವುದಿಲ್ಲ. ದಿನಕ್ಕೆ ಎಷ್ಟು ಸಲ ಹೀಗೆ ಬಗ್ಗುತ್ತೇವೋ ನಮಗೇ ಗೊತ್ತಿಲ್ಲ.

ತಾರೈವಿನಿಯ ಬೆರಳು ಓಲೆಯ ಮೇಲೆ ನಿಂತವು.

"ಅತ್ತೆ, ಈಗ ನೀವು ಬಗ್ಗಿದ್ದು ಯಾಕೆ?"

"ಯಾಕೆ ಅಂತೀಯಲ್ಲ! ನಿಮ್ಮ ತಲೆ ಮೇಲೆ ನಡ್ಕೊಂಡು ಹೋಗ್ಲಾ? ನಮ್ಮಮ್ಮ ಇದ್ದಿದ್ರೆ ಸೌಟಲ್ಲಿ ಬಾರಿಸ್ತಿದ್ಲು."

"ನಾನು ಹಕ್ಕಿಗಳ ತಲೆ ಮೇಲೇ ನಡೆದ್ಬಿಟ್ನಲ್ಲ ಅತ್ತೆ."

ಮೆರೆಯಾನಿ ಕೆಟಲಿ ಹಿಡಿದು ತಿರುಗಿದರು. "ಮೊಟ್ಟೆ ಮೇಲೆ ಕೂತಿರೋ ತಾಯಿ ತಲೆ ಮೇಲಾ? ನಾನೇನು ಇದನ್ನೂ ಹೇಳ್ಕೊಡ್ಬೇಕಿತ್ತಾ ನಿಂಗೆ?"

ಮರುದಿನವೇ ಅವಳು ಅಪಿಸಾಯಿಯನ್ನು ಹೊರಡಿಸಿದಳು. ವತುಮನುವಿಗಲ್ಲ. ಮೊಟ್ಟೆ ಇಡದ ಹಕ್ಕಿಗಳು ಸುಮ್ಮನೆ ಕೂತು ರೆಕ್ಕೆ ಒಣಗಿಸುವ ಮರಳದಿಣ್ಣೆಯೊಂದಿದೆ, ಅಲ್ಲಿಗೆ. ತಪ್ಪಾದರೂ ಅಲ್ಲಿ ಏಡಿಗಳಿಗೆ ಏನೂ ಸಿಗುವುದಿಲ್ಲ. ದೋಣಿಯನ್ನು ದೂರದಲ್ಲೇ ನಿಲ್ಲಿಸಿ, ಡ್ರೋನನ್ನು ನೀರಿಗೆ ಸಮೀಪವಾಗಿ, ಪಕ್ಕದಿಂದ, ನಿಧಾನವಾಗಿ ನಡೆಸಿದಳು. ಒಂದು ಹಕ್ಕಿ ಕತ್ತು ಎತ್ತಿದರೆ ಅಲ್ಲೇ ನಿಲ್ಲಿಸುವಳು. ಜುಟ್ಟು ನಿಮಿರಿತೋ, ಹಿಂದಕ್ಕೆ ಕರೆದುಕೊಳ್ಳುವಳು. ಹೀಗೆ ಎಷ್ಟೋ ದಿನ.

"ಡ್ರೋನ್ ಹಾರಿಸ್ತಿದೀಯಾ, ಹೊಸ ಸೊಸೇನ ಮನೆ ತುಂಬಿಸ್ಕೊತಿದೀಯಾ?" ಎಂದು ಅಪಿಸಾಯಿ ಆಕಳಿಸಿದ.

"ಸೊಸೇನೇ ಅನ್ಕೊ. ಅಲ್ಲಿರೋರೆಲ್ಲ ಅತ್ತೆಯರು."

ಹಕ್ಕಿಗಳು ಎಷ್ಟು ದೂರದವರೆಗೆ ಒಪ್ಪುತ್ತವೆ ಎಂದು ತಿಳಿದ ಮೇಲೆ ಅದಕ್ಕಿಂತ ಹತ್ತಿರ ಹೋಗುವ ಆಸೆಯನ್ನೇ ಅವಳು ಬಿಟ್ಟಳು. ಚಿತ್ರ ಮೊದಲಿನಷ್ಟು ಚಂದ ಬರಲಿಲ್ಲ, ಆದರೆ ಕಾಯುವುದಕ್ಕೆ ಸಾಕಿತ್ತು. ಅನಂತರ ವತುಮನುವಿಗೆ ಹೋದಳು. ಕೆಲವು ಕತ್ತುಗಳು ಎದ್ದವು, ತಿರುಗಿ ತಗ್ಗಿದವು. ಒಂದು ಹಕ್ಕಿಯೂ ಮೊಟ್ಟೆ ಬಿಟ್ಟು ಏಳಲಿಲ್ಲ. ಮನೆಗೆ ಬಂದು ನನ್ನ ಕೈ ಹಿಡಿದು ಕೂತವಳು, "ದೇವರಿಗೆ ಸ್ತೋತ್ರ" ಎಂದಳು.

ಮೊಟ್ಟೆಗಳು ಒಡೆಯತೊಡಗಿದ ಸುದ್ದಿ ಕೇಳಿ ರಾತು ತಾವೇ ದೋಣಿ ಹತ್ತಿದರು. "ನಾನೂ ನೋಡ್ಬೇಕು" ಎಂದರು. ನಡುಗಡ್ಡೆ ಇನ್ನೂ ದೂರವಿರುವಾಗಲೇ ಗುಂಯ್ ಎಂಬ ಸದ್ದು ಕೇಳಿಸಿತು. ತಾರೈವಿನಿಯ ಡ್ರೋನ್ ಆಗಷ್ಟೇ ನೀರ ಮೇಲೆ ಹೊರಟಿತ್ತು, ಸದ್ದು ಅದರದಲ್ಲ. ವತುಮನುವಿನ ನೆತ್ತಿಯ ಮೇಲೆ ಬೇರೊಂದು ಡ್ರೋನ್ ನಿಂತಿತ್ತು. ಹಿಂಡು ಏಳುತ್ತಿತ್ತು. ದಿಬ್ಬದ ಹೊರಗೆ ಪರದೇಶಿಗಳ ಹಾಯಿದೋಣಿಗಳು ಲಂಗರು ಹಾಕಿದ್ದವು.

"ಗುದ್ದು! ಬೀಳ್ಸು ಅದನ್ನ!" ರಾತು ಅರ್ಧ ಎದ್ದೇ ಬಿಟ್ಟರು.

"ಬೇಡ ರಾತು. ಎರಡರಲ್ಲಿ ಯಾವುದು ಬಿದ್ರೂ ಮರಿಗಳ ಮೇಲೆ ಬೀಳತ್ತೆ. ನಂದೂ ಮೇಲೆ ಹೋದ್ರೆ ಹಕ್ಕಿ ವಾಪಸ್ ಕೂರೋದೇ ಇಲ್ಲ."

ಒಡೆಯರಿಗೆ ಹಾಗೆ ಬೇಡ ಎಂದವರನ್ನು ಅಪಿಸಾಯಿ ಅದುವರೆಗೆ ಕಂಡಿರಲಿಲ್ಲವಂತೆ. ರಾತು ಕೂತರು. ತಾರೈವಿನಿ ತನ್ನ ಡ್ರೋನನ್ನು ನಡುಗಡ್ಡೆಯಿಂದ ಆಚೆಗೆ ತಿರುಗಿಸಿ, ಅಲೆಗಳ ಮೇಲೆ ತಗ್ಗಿಸಿಯೇ ಹಾಯಿದೋಣಿಗಳತ್ತ ಕಳಿಸಿದಳು. ನೀಲಿ ಪಟ್ಟೆಯ ದೋಣಿಯಲ್ಲಿ ಒಬ್ಬ ಕೈಯಲ್ಲಿ ಡ್ರೋನ್ ನಡೆಸುವ ಪೆಟ್ಟಿಗೆ ಹಿಡಿದು ನಿಂತಿರುವುದು ಪರದೆಯಲ್ಲಿ ಕಂಡಿತು.

"ನೀಲಿ ಪಟ್ಟೆ! ಓಡ್ಸೋ!"

ಅಪಿಸಾಯಿ ಅಂದಿನಷ್ಟು ನೆಟ್ಟಗೆ ದೋಣಿ ಓಡಿಸಿದ್ದು ಬೇರೆ ಯಾವತ್ತೂ ಇಲ್ಲ.

ಬಿಸಿಲಿಗೆ ಮೂಗು ಸುಲಿದ ಆ ಮನುಷ್ಯ ಇವರನ್ನು ಕಂಡು ಗಾಬರಿಯಾದ. "ಅಲ್ಲಿ ಯಾರೂ ಇಲ್ಲ ಅಂದ್ಕೊಂಡಿದ್ದೆ."

"ಯಾರೂ ಇಲ್ವಾ? ಇಷ್ಟು ಜನ ಕಿರುಚ್ತಿರೋದು ಕೇಳಿಸ್ತಿಲ್ವಾ ನಿಂಗೆ?" ಎಂದರು ರಾತು.

ಅವನು ಮುಖ ಬಿಳುಚಿಕೊಂಡು ಡ್ರೋನನ್ನು ಇಳಿಸಲು ಹೋದ. ತಾರೈವಿನಿ ತಡೆದಳು. "ಇಳಿಸ್ಬೇಡಿ. ಈಗಿರೋ ಎತ್ತರದಲ್ಲೇ ಸಮುದ್ರದ ಕಡೆಗೆ ಸರಿಸಿ. ಮೆಲ್ಲಗೆ. ಹಾಂ, ಹಾಗೆ. ಈಗ ಕರ್ಕೊಳ್ಳಿ."

ಸದ್ದು ನಿಂತಿತು. ಹಿಂಡು ಗಾಳಿಯಲ್ಲಿ ಒಂದು ಸುತ್ತು, ಇನ್ನೊಂದು ಸುತ್ತು ಹಾಕಿತು. ಆಮೇಲೆ ಒಂದು ಹಕ್ಕಿ ಇಳಿಯಿತು. ಅದರ ಹಿಂದೆ ನಾಲ್ಕಾರು. ಆಮೇಲೆ ಎಲ್ಲವೂ ಒಟ್ಟಿಗೆ, ಒಗೆದ ಬಟ್ಟೆ ಹಾಸಿದಂತೆ ಮರಳು ಬೆಳ್ಳಗಾಯಿತು. ತಾರೈವಿನಿ ಡ್ರೋನನ್ನು ಪಕ್ಕದಿಂದ ಬಗ್ಗಿಸಿ ತಂದು, ಹಕ್ಕಿಗಳು ಒಪ್ಪುವ ಗಡಿಯಲ್ಲಿ ನಿಲ್ಲಿಸಿ, ಪರದೆಯನ್ನು ರಾತುವಿನ ಮುಂದೆ ಹಿಡಿದಳು. ತಾಯಂದಿರ ಎದೆಯ ಕೆಳಗೆ ಬೂದು ಮರಿಗಳು ಮಿಸುಕಾಡುತ್ತಿದ್ದವು. ರಾತು ಎಣಿಸಲು ಶುರು ಮಾಡಿ, ತಪ್ಪಿ, ಮತ್ತೆ ಶುರು ಮಾಡಿ, ಕೊನೆಗೆ ಎಣಿಕೆ ಬಿಟ್ಟು ನಕ್ಕರು.

ಹಾಯಿದೋಣಿಯವನು ಸಂಜೆ ಯಂಗೋನಾ ಬೇರು ಹಿಡಿದು ಊರಿಗೆ ಬಂದ. ಚಕ್ಕಳಮಕ್ಕಳ ಹಾಕಿ ಕೂರಲು ಬಾರದೆ ಒದ್ದಾಡಿದರೂ, ತೆಂಗಿನ ಚಿಪ್ಪಿನಲ್ಲಿ ಕೊಟ್ಟ ಯಂಗೋನಾವನ್ನೆಲ್ಲ ಕುಡಿದ. ಒಳ್ಳೆಯವನೇ ಪಾಪ.

ಮರಿಗಳೆಲ್ಲ ಹಾರಿದ ಮೇಲೆ ಒಂದು ಭಾನುವಾರ ಚರ್ಚಿನ ಮುಂದೆ ಊರು ಸೇರಿತು. "ಇಷ್ಟು ದಿನ ವತುಮನುವಿನ ನೀರಿಗೆ, ಮರಳಿಗೆ ತಂಬು ಇತ್ತು. ಇನ್ಮೇಲೆ ಅದರ ಮೇಲಿರೋ ಗಾಳಿಗೂ ತಂಬು" ಎಂದರು ರಾತು.

ತಾರೈವಿನಿ ಕೂತಲ್ಲಿಂದಲೇ ಕೇಳಿದಳು. "ಹಾಗಾದ್ರೆ ನಾನೂ ಪ್ರತಿ ಸಲ ನಿಮ್ಮನ್ನ ಕೇಳ್ಬೇಕಾ ರಾತು?"

"ನೀನು ಯಾರನ್ನೂ ಕೇಳ್ಬೇಕಾಗಿಲ್ಲ. ಹಾರಿಸ್ಬೇಕು ಅನ್ನೋರು ಬಂದು ನಿನ್ನನ್ನ ಕೇಳ್ಬೇಕು."

ಅಂಗೈ ಬೊಗಸೆ ಮಾಡಿ ನಾವು ಹೊಡೆದ ಚಪ್ಪಾಳೆ ದಿಬ್ಬದವರೆಗೂ ಕೇಳಿಸಿರಬೇಕು. ಮೆರೆಯಾನಿ ಅತ್ತರು. ಅದಾದ ಮೇಲೆ ಪಕ್ಕದ ಊರಿನವರು ತಮಗೂ ಕಲಿಸಿಕೊಡೆಂದು ಬೇರಿನ ಕಟ್ಟು ತಂದರು. ಅವಳು ಹೋಗಿ ಕಲಿಸಿ ಬಂದಳು. ಆದರೆ ಅವಳ ಮುಂದೆ ಎಲ್ಲರಿಗಿಂತ ಮೊದಲು ಬೇರು ಇಟ್ಟವನು ಅಪಿಸಾಯಿ. ತಂಗಿಯ ಮದುವೆಯ ದಿನ ವತುಮನುವಿನ ಮೇಲಿಂದ ಒಂದು ಚಿತ್ರ ತೆಗೆಸಬೇಕೆಂದು ಅವನಿಗೆ ಆಸೆ. ತಾರೈವಿನಿ ಚಾಪೆಯ ಮೇಲೆ ನೆಟ್ಟಗೆ ಕೂತು, ಅವನ ಮಾತನ್ನೆಲ್ಲ ಪೂರ್ತಿ ಕೇಳಿಸಿಕೊಂಡು, ಯಂಗೋನಾ ಕುಡಿದು, ಚಿಪ್ಪು ಕೆಳಗಿಟ್ಟು, "ಆಗಲ್ಲ" ಎಂದಳು.