ಕಮರ್‌ಕಟ್ ಸೆಂಟು
ಎಸ್ಟೇಟಿನ ಹುಡುಗಿ ಚೈತ್ರಶ್ರೀ ಕಮರ್‌ಕಟ್ ಪರಿಮಳದ ಸೆಂಟು ಮಾಡಿ, ಬಾಲ್ಯದ ವಾಸನೆಯೆಂದು ಊರೆಲ್ಲ ಅದನ್ನು ಮೂಸತೊಡಗಿದಾಗಿನಿಂದ, ಮಗ್ಗೆ ಊರಿನಲ್ಲಿ ತಲೆ ನೆರೆಯುವಷ್ಟು ಕಾಲ ಕಮರ್‌ಕಟ್ ಮಾಡಿ ಮಾರಿದ ಅಣ್ಣಯ್ಯನಿಗೆ ಹೊಟ್ಟೆಯುರಿ. ಬಂದ ಗಿರಾಕಿಯನ್ನೆಲ್ಲ ತಡೆದು, "ಬಾಯಿಗೆ ಹಾಕ್ಕೊಳೋದನ್ನ ಕಂಕುಳಿಗೆ ಹಾಕ್ಕೊಂಡ್ರೆ ಇರುವೆ ಮುತ್ಕೊಳಲ್ವೇನೋ ಮಾರಾಯ?" ಎನ್ನುತ್ತಾನೆ. ಆದರೂ ಆ ಸೆಂಟಿನ ಸೀಸೆಯೊಂದನ್ನು ಕೊಂಡು ಒಲೆಯ ಪಕ್ಕದಲ್ಲೇ ಇಟ್ಟುಕೊಂಡಿದ್ದಾನೆ. ಬೆಲ್ಲದ ಪಾಕ ಕುದಿಯುವಾಗೆಲ್ಲ ಹೆಂಡತಿ ವಾಣಿಯನ್ನು ಕರೆದು, "ಎರಡನ್ನೂ ಮೂಸಿ ನೋಡು, ಯಾವ್ದು ಚೆನ್ನಾಗೈತೆ ಹೇಳು," ಎನ್ನುತ್ತಾನೆ. "ನಿಮ್ದೇ ಕಣ್ರೀ," ಎನ್ನುತ್ತಾಳೆ ಅವಳು. ಅವಳನ್ನು ಕೇಳದೆ ಅವನಿಗೆ ಗತಿಯಿಲ್ಲ; ಕೊರೊನಾದಲ್ಲಿ ಹೋದ ವಾಸನೆ ಅವನ ಮೂಗಿಗೆ ಮರಳಿ ಬಂದೇ ಇಲ್ಲ. ಮೊನ್ನೆ ಪಾಕ ತಳ ಹಿಡಿದು ಸೀದು, ಗಿರಾಕಿಗಳು ಮೂಗು ಮುಚ್ಚಿಕೊಂಡು ನಿಂತಿದ್ದರು. ಅವನು ಎಂದಿನಂತೆ ಹೆಂಡತಿಯತ್ತ ಸೀಸೆ ಚಾಚಿದ. "ನಿಮ್ದೇ ಕಣ್ರೀ," ಎಂದಳು ವಾಣಿ.