ಗೋಡೆಯಿಂದ ಮುಖ ಬಿಡಿಸುವ ಶೆಣ್ಬಗವಲ್ಲಿ

ಮುಚ್ಚಿಹೋದ ಎಣ್ಣೆ ಗಿರಣಿಯ ಪಕ್ಕದ ಗೋಡೆಗೆ ಪೋಸ್ಟರು ನೆನೆಯಲೆಂದು ರಾತ್ರಿಯೇ ನೇತುಹಾಕಿದ್ದ ಒದ್ದೆ ಗೋಣಿಯನ್ನು ಶೆಣ್ಬಗವಲ್ಲಿ ಮೆಲ್ಲಗೆ ಸರಿಸುತ್ತಾರೆ. ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಪಟಾಕಿ ಕಾರ್ಖಾನೆಗಳಿಗೆ ಹೆಂಗಸರನ್ನು ಒಯ್ಯುವ ವ್ಯಾನುಗಳು ಆಗಲೇ ಶಿವಕಾಶಿಯ ಬೀದಿಗಳಲ್ಲಿ ಹಾರ್ನ್ ಹೊಡೆಯುತ್ತಿವೆ. ಗೋಡೆಯ ಮೇಲೆ ವರ್ಷಗಳ ಪೋಸ್ಟರುಗಳು ಒಂದರ ಮೇಲೊಂದು ಕೂತು ರೊಟ್ಟಿಯಷ್ಟು ದಪ್ಪಗಾಗಿವೆ. ಬಲಗೈಯಲ್ಲಿದ್ದ ತಗಡಿನ ಸಟ್ಟುಗವನ್ನು ಅಂಚಿನೊಳಕ್ಕೆ ತೂರಿಸಿ, ಎಡಗೈಯಲ್ಲಿ ಉಳಿದಿರುವ ಮೂರು ಬೆರಳುಗಳಿಂದ ಕಾಗದವನ್ನು ತಟ್ಟಿ, ಅವರು ಕಿವಿಗೊಡುತ್ತಾರೆ. ಟೊಳ್ಳು ಸದ್ದು ಬಂದ ಕಡೆ ಕಾಗದ ಗೋಡೆಯನ್ನು ಬಿಟ್ಟಿದೆ ಎಂದರ್ಥ.

ಅವರ ಬೆನ್ನಿಗೆ ಅಂಟಿಕೊಂಡಂತೆ ವೆಳ್ಳೈತಾಯಿ ನಿಂತಿದ್ದಾರೆ, ಸೆರಗಿನ ತುದಿಯನ್ನು ಹಲ್ಲಲ್ಲಿ ಕಚ್ಚಿಕೊಂಡು.

"ಬರ್ತಾಳಾ ಅಕ್ಕಾ?"

"ಬರ್ತಾಳೆ ಅಂತಲೂ ಹೇಳಲ್ಲ, ಬರಲ್ಲ ಅಂತಲೂ ಹೇಳಲ್ಲ. ಸ್ವಲ್ಪ ಆಚೆ ನಿಲ್ಲು ತಾಯಿ, ನಿನ್ನ ಉಸಿರು ನನ್ನ ಕತ್ತಿಗೆ ತಾಗ್ತಿದೆ."

ಪೋಸ್ಟರ್ ಗುತ್ತಿಗೆದಾರ ತಂಗಪಾಂಡಿ ಮೊಪೆಡ್ ನಿಲ್ಲಿಸಿ ಕೂಗುತ್ತಾನೆ. "ಏನಕ್ಕಾ, ಅಂಟಿಸೋಳೂ ನೀನೇ, ಕೀಳೋಳೂ ನೀನೇ! ಹಿಂಗಾದ್ರೆ ಊರಿನ ಗೋಡೆಗಳ ಗತಿ ಏನು?"

"ನಿನ್ನ ಲೀಡರ್ ಹಲ್ಲು ನೋಡಿ ನೋಡಿ ಗೋಡೆಗೂ ಸಾಕಾಗಿದೆ, ಹೋಗೋ," ಎಂದು ಇವರು ತಿರುಗಿಯೂ ನೋಡದೆ ಅನ್ನುತ್ತಾರೆ. ಅವನು ನಗುತ್ತ ಹೋಗುತ್ತಾನೆ. ವೆಳ್ಳೈತಾಯಿ ನಗುವುದಿಲ್ಲ.

ಆ ಪದರಗಳ ಅಡಿಯಲ್ಲಿ ಎಲ್ಲೋ ವೆಳ್ಳೈತಾಯಿಯ ಮಗಳು ಮಾರೀಶ್ವರಿಯ ಮುಖವಿದೆ. ಮೂರು ವರ್ಷದ ಹಿಂದೆ ಒಂದು ಕಾರ್ಖಾನೆಯ ಮದ್ದು ಬೆರೆಸುವ ಶೆಡ್ಡು ಸಿಡಿದಾಗ ಒಳಗಿದ್ದವರಲ್ಲಿ ಅವಳೂ ಒಬ್ಬಳು. ಅವಳ ಫೋಟೊಗಳೆಲ್ಲ ಇದ್ದದ್ದು ಅವಳ ಫೋನಿನಲ್ಲಿ. ಫೋನಿದ್ದದ್ದು ಊಟದ ಬುಟ್ಟಿಯಲ್ಲಿ. ಬುಟ್ಟಿ ಶೆಡ್ಡಿನ ಬಾಗಿಲಲ್ಲಿತ್ತು. ಮನೆಯಲ್ಲಿ ಉಳಿದಿದ್ದ ಒಂದೇ ಒಂದು ಸಣ್ಣ ಫೋಟೊವನ್ನು ಶ್ರದ್ಧಾಂಜಲಿಯ ಪೋಸ್ಟರಿಗೆಂದು ಪ್ರೆಸ್ಸಿಗೆ ಕೊಟ್ಟಿದ್ದರು.

ಇಲ್ಲಿ ಸಾವಿನ ಪೋಸ್ಟರನ್ನು ಮನೆಯೊಳಗೆ ಇಟ್ಟುಕೊಳ್ಳುವುದಿಲ್ಲ. ಗೋಡೆಗಳಿಗೆ ಹಚ್ಚಿ ಮಿಕ್ಕವನ್ನು ಹದಿನಾರನೆಯ ದಿನದ ಕಾರ್ಯದಲ್ಲಿ ಸುಟ್ಟುಬಿಡುತ್ತಾರೆ. ಕಟ್ಟನ್ನು ಬಿಚ್ಚಿ ನೋಡುವುದೂ ಸಲ್ಲ. ವೆಳ್ಳೈತಾಯಿ ಹಾಗೆಯೇ ಮಾಡಿದರು. ಪ್ರೆಸ್ಸಿನವನು ಫೋಟೊವನ್ನು ಜೋಪಾನವಾಗಿ ಅದೇ ಕಟ್ಟಿನೊಳಗಿಟ್ಟು ವಾಪಸು ಮಾಡಿದ್ದ ಎಂಬುದು ಆಮೇಲೆ ತಿಳಿಯಿತು.

"ಎಲ್ಲಾ ಗೋಡೆ ಹುಡುಕಿದೆ. ಬಿಸಿಲಿಗೆ ಹೋಗಿವೆ, ಮಳೆಗೆ ಹೋಗಿವೆ. ಆಮೇಲೆ ಯಾರೋ ಅಂದ್ರು, ಅಂಟಿಸಿದವಳನ್ನೇ ಕೇಳು ಅಂತ," ಎನ್ನುತ್ತಾರೆ ವೆಳ್ಳೈತಾಯಿ.

ಅಂಟಿಸಿದವರು ಶೆಣ್ಬಗವಲ್ಲಿ. ಗಿರಣಿಯ ಈ ಗೋಡೆಗೆ ಬಿಸಿಲು ಬೀಳುವುದಿಲ್ಲ, ಆದ್ದರಿಂದ ಇಲ್ಲಿರಬಹುದು ಎಂದು ಅವರಿಗೆ ನೆನಪು. ಚರಂಡಿ ಅಗಲ ಮಾಡುವುದಕ್ಕೆ ಮುಂದಿನ ವಾರ ಗೋಡೆ ಉರುಳಲಿದೆ.

ಶೆಣ್ಬಗವಲ್ಲಿಗೆ ಈಗ ಐವತ್ತೆಂಟು. ಮದುರೈಯ ಪ್ರದರ್ಶನಗಳಲ್ಲಿ ಎರಡು ಸಲ ಅವರ ಚಿತ್ರಗಳು ತೂಗಿವೆ ಎಂಬುದು ಅವರ ಬೀದಿಯವರಿಗೇ ಗೊತ್ತಿಲ್ಲ. ಗೊತ್ತಾದರೂ ಅದನ್ನು ಚಿತ್ರ ಎನ್ನಲು ಒಪ್ಪುವವರು ಕಡಿಮೆ. ಹಳೆಯ ಹಲಗೆಯ ಮೇಲೆ ಪೋಸ್ಟರಿನ ಪದರಗಳು, ನಡುನಡುವೆ ಪಟಾಕಿಯ ಬತ್ತಿದಾರದ ಹೊಲಿಗೆ, ಒಲೆಯ ಮಸಿ, ಬೆರಳಲ್ಲಿ ತೀಡಿದ ಅಲ್ಯೂಮಿನಿಯಂ ಪುಡಿಯ ಬೂದುಬೆಳ್ಳಿ. ಎಲ್ಲದರ ಮೇಲೂ ಒಂದು ಮಂಕು ಹಸಿರು ಛಾಯೆ. ಅದು ಬಣ್ಣವಲ್ಲ. ಹುಳ ಹಿಡಿಯದಿರಲೆಂದು ಮೈದಾ ಅಂಟಿಗೆ ಹಾಕುವ ಮೈಲುತುತ್ತ ಕಾಲ ಕಳೆದಂತೆ ಕಾಗದಕ್ಕೆ ಇಳಿದದ್ದು.

ಅವರ ಅಪ್ಪ ಲೇಬಲ್ ಅಚ್ಚು ಹಾಕುವ ಪ್ರೆಸ್ಸಿನಲ್ಲಿದ್ದವರು. ಯಂತ್ರದ ಬಣ್ಣ ಹದಕ್ಕೆ ಬರುವವರೆಗೂ ಒಂದೇ ಹಾಳೆಯ ಮೇಲೆ ಮತ್ತೆ ಮತ್ತೆ ಅಚ್ಚು ಬೀಳುತ್ತದೆ. ಆ ರದ್ದಿ ಹಾಳೆಗಳು ಮನೆಗೆ ಬಂದು ಗೋಡೆಯ ಗೂಡುಗಳಿಗೆ ಹಾಸಾಗುತ್ತಿದ್ದವು. "ಮುರುಗನ ಎದೆಯಲ್ಲಿ ಗಿಣಿ. ಗಿಣಿ ಹೊಟ್ಟೇಲಿ ಹುಲಿ ಕಣ್ಣು. ರಾತ್ರಿ ಮಲಗಿದಾಗ ಅದನ್ನೇ ನೋಡ್ತಿದ್ದೆ. ಯಾರು ಮುಂದೆ, ಯಾರು ಹಿಂದೆ ಗೊತ್ತಾಗ್ತಿರಲಿಲ್ಲ. ಚಿತ್ರ ಅಂದ್ರೆ ಹಂಗೇ ಇರುತ್ತೆ ಅಂದ್ಕೊಂಡೆ," ಎನ್ನುತ್ತಾರೆ. ಅವರ ಕೈಗೆ ಬಂದ ಮೊದಲ ಪಾಠ ಅದೇ, ಇಂದಿಗೂ ಅದನ್ನು ಬಿಟ್ಟಿಲ್ಲ.

ಎಳವೆಯಲ್ಲಿ ಮನೆಯಲ್ಲಿ ಕೂತು ಬೆಂಕಿಪೆಟ್ಟಿಗೆಗೆ ಲೇಬಲ್ ಅಂಟಿಸಿದರು. ಆಮೇಲೆ ಕಾರ್ಖಾನೆಯಲ್ಲಿ ಹೂಕುಂಡ ಪಟಾಕಿಗೆ ಮದ್ದು ತುಂಬಿದರು. ಒಂದು ಮಧ್ಯಾಹ್ನ ಕೈಯಲ್ಲಿದ್ದದ್ದು ಹೊತ್ತಿಕೊಂಡು ಎರಡು ಬೆರಳು ಹೋದವು. ಮದ್ದಿನ ಪುಡಿ ಎದೆಯೊಳಗೂ ಇಳಿದಿದೆ. ಮಾತಿನ ನಡುವೆ ಕೆಮ್ಮು ಬಂದರೆ ಗೋಡೆ ಹಿಡಿದು ನಿಲ್ಲುತ್ತಾರೆ. ಕಾರ್ಖಾನೆ ಬಿಟ್ಟ ಮೇಲೆ ತಂಗಪಾಂಡಿಯ ಬಳಿ ಅಂಟು ಕಾಯಿಸುವ, ಪೋಸ್ಟರ್ ಹಚ್ಚುವ ಕೆಲಸ. ಹಳೆಯದನ್ನು ಕೆರೆಯುವಾಗ ಮದುವಣಗಿತ್ತಿಯ ಕೆನ್ನೆಯಡಿಯಿಂದ ಸತ್ತ ಹುಡುಗನ ಕಣ್ಣು ಇಣುಕಿತು. ಅದನ್ನು ಎಸೆಯಲು ಮನಸ್ಸು ಬರದೆ ಮನೆಗೆ ತಂದರು. ಶುರುವಾದದ್ದು ಅಲ್ಲಿಂದ.

ಅವರದೊಂದು ಪಟ್ಟು ಇದೆ. ಕಿತ್ತಾಗ ಎಷ್ಟು ಬಂತೋ ಅಷ್ಟೇ ಚಿತ್ರ. ಬಾರದ್ದನ್ನು ಕುಂಚ ಹಿಡಿದು ತುಂಬುವುದಿಲ್ಲ. ಮದುರೈಯ ಕಲಾಶಾಲೆಯ ಶಿಕ್ಷಕಿ ಅರುಳ್ಮೊಳಿ ಹೊರದೇಶದ ಕೆಲವು ಕಲಾವಿದರೂ ಹೀಗೆ ಮಾಡಿದ್ದಾರೆಂದು ಪುಸ್ತಕ ತೋರಿಸಿದಾಗ ಇವರು ಎವೆಯಿಕ್ಕದೆ ನೋಡಿ, "ಅವರ ಊರಲ್ಲೂ ಇಷ್ಟು ಜನ ಸಾಯ್ತಾರಾ?" ಎಂದು ಕೇಳಿದರಂತೆ.

ಗಿರಣಿ ಗೋಡೆಯ ಪದರ ಚಪ್ಪಡಿಯಂತೆ ಇಡಿಯಾಗಿ ಕಳಚಿಕೊಳ್ಳುತ್ತದೆ. ಇಬ್ಬರೂ ಅದನ್ನು ಹಸುಗೂಸಿನ ಹಾಗೆ ಅಡ್ಡ ಹಿಡಿದು ಶೆಣ್ಬಗವಲ್ಲಿಯ ಮನೆಗೆ ತಂದು ಹಲಗೆಯ ಮೇಲೆ ಮಲಗಿಸುತ್ತಾರೆ. ಉಗುರು ಬೆಚ್ಚನೆಯ ನೀರು, ಬಟ್ಟೆ, ಸಟ್ಟುಗ. ಲೀಡರು ಸಲೀಸಾಗಿ ಎದ್ದುಬರುತ್ತಾನೆ. ಮದುವೆಯೊಂದು ಬರುತ್ತದೆ. ಹರಿದ ಸಿನಿಮಾ ಬರುತ್ತದೆ. ಕೊನೆಯದು ಯಾವುದೋ ಶಾಲೆಯ ಜಾಹೀರಾತು, ಟೈ ಕಟ್ಟಿದ ಹುಡುಗ. ಅದರ ಅಂಚಿಗೆ ನೀರು ಇಳಿಯುವುದೇ ಇಲ್ಲ. ಶೆಣ್ಬಗವಲ್ಲಿ ಬಗ್ಗಿ ಮೂಸಿ ನೋಡುತ್ತಾರೆ.

"ಇದು ಮೈದಾ ಅಲ್ಲ. ಡಬ್ಬದ ಅಂಟು. ನಾನು ಹಚ್ಚಿದ್ದಲ್ಲ ಇದು."

"ಅಂದ್ರೆ?"

"ಮೈದಾ ಆದ್ರೆ ಕೇಳಿದಾಗ ಬಿಟ್ಟುಕೊಡುತ್ತೆ. ಇದು ಕೊಡಲ್ಲ."

ಮಧ್ಯಾಹ್ನದವರೆಗೆ ಕೂದಲೆಳೆಯಷ್ಟು ಕೂದಲೆಳೆಯಷ್ಟು ಬಿಡಿಸುತ್ತಾರೆ. ಗಲ್ಲ ಬರುತ್ತದೆ. ಬಾಯಿ ಬರುತ್ತದೆ. "ಮೂಗುಬೊಟ್ಟು! ಅಕ್ಕಾ, ಮೂಗುಬೊಟ್ಟು ನೋಡು, ದೀಪಾವಳಿ ಬೋನಸ್ಸಲ್ಲಿ ಹಾಕಿಸ್ಕೊಂಡಿದ್ದು!" ವೆಳ್ಳೈತಾಯಿ ಹಲಗೆಯ ಮೇಲೆ ಬಿದ್ದೇ ಬಿಡುವಂತೆ ಬಾಗುತ್ತಾರೆ. ಬಲಗಣ್ಣು ಬರುತ್ತದೆ. ಅಲ್ಲಿಂದ ಮೇಲಕ್ಕೆ ಸಟ್ಟುಗ ಸಿಕ್ಕಿಕೊಳ್ಳುತ್ತದೆ. ಶೆಣ್ಬಗವಲ್ಲಿ ಉಸಿರು ಬಿಗಿಹಿಡಿದು ಎತ್ತುತ್ತಾರೆ. ಕಾಗದ ಹರಿಯುವ ಸದ್ದು ಅಷ್ಟೇನೂ ದೊಡ್ಡದಲ್ಲ. ಎಡಗಣ್ಣು, ಹಣೆ, ಎರಡೂ ಟೈ ಹುಡುಗನ ಬೆನ್ನಿಗಂಟಿ ಪುಡಿಯಾಗಿ ಹೋಗುತ್ತವೆ.



"ನಾನು ಸುಟ್ಟೆ. ನೀನು ಹರಿದೆ," ಎನ್ನುತ್ತಾರೆ ವೆಳ್ಳೈತಾಯಿ.

"ಹೂಂ. ನಾನೇ ಹರಿದೆ."

ಹೊರಗೆ ಹೋಗಿ ಮುಖ ತೊಳೆದು ಬಂದ ತಾಯಿ, "ಹಣೆ ಮಾಡಿಕೊಡು," ಎನ್ನುತ್ತಾರೆ.

"ಇಲ್ಲದ್ದನ್ನ ನಾನು ಬರೆಯಲ್ಲ ತಾಯಿ. ಬರೆದ್ರೆ ಅವಳು ಇನ್ಯಾರೋ ಆಗ್ತಾಳೆ."

"ಕಣ್ಣು ಬರೀಬೇಡ. ಅವಳ ಕಣ್ಣು ನನಗೆ ಗೊತ್ತು. ಹಣೆ ಇಲ್ದೆ ಕುಂಕುಮ ಎಲ್ಲಿಡ್ಲಿ? ಮೂರು ವರ್ಷ ಆಯ್ತು, ಎಲ್ಲರ ಮನೇಲೂ ಸತ್ತೋರ ಫೋಟೊಗೆ ಶುಕ್ರವಾರ ಕುಂಕುಮ ಇಡ್ತಾರೆ. ನನ್ನ ಮಗಳಿಗೆ ಇಡೋಕೆ ಜಾಗ ಇಲ್ಲ."

ಶೆಣ್ಬಗವಲ್ಲಿ ಮೂಲೆಯ ಕಾಗದದ ರಾಶಿಗೆ ಕೈ ಹಾಕುತ್ತಾರೆ. ಮಾರೀಶ್ವರಿಯ ಮೈಬಣ್ಣಕ್ಕೆ ಸರಿಯಾಗಿ ಹೊಂದುವುದು ಪಟಾಕಿ ಸುತ್ತುವ ಕಂದು ಕಾಗದ. ಅದನ್ನು ಕೈಗೆತ್ತಿಕೊಂಡು, ಒಂದು ಕ್ಷಣ ನೋಡಿ, ಹಿಂದಕ್ಕೆ ಇಡುತ್ತಾರೆ. ಆಗಷ್ಟೇ ಬಿಡಿಸಿದ್ದ ಮದುವೆಯ ಪೋಸ್ಟರಿನ ಹಿಂಬದಿ ಅಂಟು ಕುಡಿದು ಹಳದಿಗಟ್ಟಿದೆ. ಅದರಲ್ಲೊಂದು ಚೂರನ್ನು ಹರಿದು, ಮೈದಾ ಹಚ್ಚಿ, ಹುಬ್ಬಿನಿಂದ ಕೂದಲಿನ ಗೆರೆಯಿರಬೇಕಾದ ಜಾಗದವರೆಗೆ ಅಂಗೈಯಿಂದ ಒತ್ತುತ್ತಾರೆ. ಎಡಗಣ್ಣಿನ ಜಾಗದಲ್ಲಿ ಹಲಗೆಯ ಮರವೇ ಕಾಣುತ್ತದೆ. ಅದನ್ನು ಹಾಗೆಯೇ ಬಿಡುತ್ತಾರೆ.

ಇದಾಗಿ ನಾಲ್ಕು ತಿಂಗಳು ಕಳೆದಿವೆ. ಗೋಡೆ ಉರುಳಿ ಅಲ್ಲೀಗ ಚರಂಡಿ ಹರಿಯುತ್ತಿದೆ. ಸಾವಿನ ಪೋಸ್ಟರು ಮನೆಯೊಳಗೆ ಕೂಡದೆಂದವರ ಮಾತಿಗೆ ಕಿವಿಗೊಡದೆ ವೆಳ್ಳೈತಾಯಿ ಹಲಗೆಯನ್ನು ಮನೆಯಲ್ಲೇ ಇಟ್ಟುಕೊಂಡಿದ್ದಾರೆ. ಅದನ್ನು ಮದುರೈಗೆ ಒಯ್ಯಬೇಕೆಂದು ಅರುಳ್ಮೊಳಿ ಕೇಳಿದ್ದರು. ತಾಯಿ ಬಾಗಿಲಲ್ಲೇ ಬೇಡವೆಂದರು, ಶೆಣ್ಬಗವಲ್ಲಿಯೂ ಒತ್ತಾಯಿಸಲಿಲ್ಲ. ಶುಕ್ರವಾರಕ್ಕೆ ಕಾಯದೆ ವೆಳ್ಳೈತಾಯಿ ದಿನವೂ ನೆನೆಸಿದ ಕುಂಕುಮ ಇಡುತ್ತಾರೆ. ತೇವಕ್ಕೆ ಕಾಗದ ಸವೆದು ತೂತಾಗುತ್ತದೆ. ಆಗ ಶೆಣ್ಬಗವಲ್ಲಿ ಅಂಟಿನ ಡಬ್ಬಿ ಹಿಡಿದು ಹೋಗಿ, ಹಳೆಯದರ ಮೇಲೆ ಹೊಸ ಹಣೆ ಹಚ್ಚಿ, ಅಲ್ಲೇ ಒಂದು ಲೋಟ ಚಹಾ ಕುಡಿದು ಬರುತ್ತಾರೆ.

"ಪ್ರದರ್ಶನದಲ್ಲಿ ನನ್ನ ಚಿತ್ರಾನ ಮುಟ್ಟಬೇಡಿ ಅಂತ ಬೋರ್ಡ್ ಹಾಕ್ತಾರೆ," ಎನ್ನುವಾಗ ಕೆಮ್ಮು ನುಗ್ಗಿ ಬರುತ್ತದೆ. ಅದು ನಿಲ್ಲುವವರೆಗೆ ಕಂಬ ಹಿಡಿದು ಕಾಯುತ್ತಾರೆ. "ಇದೊಂದನ್ನ ಒಬ್ಬಳು ದಿನಾ ಮುಟ್ತಾಳೆ. ಡಾಕ್ಟರು ನನ್ನ ಎದೆ ಫೋಟೊ ನೋಡಿ ಏನೇನೋ ಹೇಳಿದಾರೆ, ಹೇಳ್ಲಿ. ವೆಳ್ಳೈತಾಯಿ ಗಟ್ಟಿ ಹೆಂಗಸು, ಅಷ್ಟು ಬೇಗ ಹೋಗೋಳಲ್ಲ. ಅವಳಿಗಿಂತ ಒಂದು ದಿನ ಹೆಚ್ಚು ನಾನಿದ್ರೆ ಸಾಕು. ಆ ಹಣೆ ಹಚ್ಚೋಕೆ ಈ ಊರಲ್ಲಿ ಬೇರೆ ಯಾರಿಗೂ ಬರಲ್ಲ."