ಅಳಿಸಬೇಡಿ ಎಂದವಳು ನಾನೇ

2018ರಲ್ಲಿ ನಾನು ಯಾದಗಿರಿ ತಾಲ್ಲೂಕಿನ ಭೀಮಾ ದಂಡೆಯ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹಿರಿಯ ಸ್ಟಾಫ್ ನರ್ಸ್ ಆಗಿದ್ದೆ. ಹೆರಿಗೆ ಕೋಣೆ ನನ್ನ ಸುಪರ್ದಿಯಲ್ಲಿತ್ತು. ನನ್ನ ಬಾಯಿ ಸ್ವಲ್ಪ ಜೋರು. ನಮ್ಮ ಕಡೆ ನರ್ಸಿಗೆ ಬಾಯಾರು ಎನ್ನುತ್ತಾರೆ; ಬಾಯಾರು ಒಮ್ಮೆ ಗದರಿದರೆ ಕೂಸು ತಾನಾಗಿಯೇ ಹೊರಗೆ ಬರುತ್ತದೆ ಎಂದು ಆಯಾಗಳು ಹಿಂದಿನಿಂದ ನಗುತ್ತಿದ್ದುದು ನನಗೆ ಗೊತ್ತಿತ್ತು. ಕೆಲಸ ಬೇಗ ಆಗುತ್ತದಲ್ಲ ಎಂದುಕೊಂಡು ನಾನೂ ಸುಮ್ಮನಿದ್ದೆ.

ಆ ವರ್ಷ ಜನವರಿಯಲ್ಲಿ ಸಾವಿತ್ರಿ ಎಂಬ ಹುಡುಗಿ ಚೊಚ್ಚಲ ಹೆರಿಗೆಗೆ ಬಂದಳು. ಗಂಡ ಕಡೇಚೂರಿನ ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದ. ತವರಿನವರು ಹೊಳೆಯಲ್ಲಿ ಮೀನು ಹಿಡಿಯುವವರು. ಜೊತೆಗೆ ಬಂದವಳು ಅವಳ ತಾಯಿ ದ್ಯಾವಮ್ಮ. ಗಂಡು ಕೂಸು, ಎರಡು ಕಿಲೋ ಏಳುನೂರು ಗ್ರಾಂ. ಮರುದಿನ ಬಟ್ಟೆ ಬದಲಿಸುವಾಗ ಅದು ಕಿರುಚಿ ಅತ್ತಿತು. ತುಟಿ, ನಾಲಿಗೆ ಎರಡೂ ನೀಲಿಗಟ್ಟಿದವು. ಸುಮ್ಮನಾದ ಅರ್ಧ ನಿಮಿಷಕ್ಕೆ ಮತ್ತೆ ಕೆಂಪಾದವು. ಹಸುಗೂಸಿನ ಅಂಗೈ ಅಂಗಾಲು ನೀಲಿಯಾದರೆ ನಾವು ಅಷ್ಟು ಹೆದರುವುದಿಲ್ಲ, ನಾಲಿಗೆ ನೀಲಿಯಾದರೆ ಹೆದರುತ್ತೇವೆ. ರಕ್ತದಲ್ಲಿ ಆಮ್ಲಜನಕ ಎಷ್ಟಿದೆಯೆಂದು ತೋರಿಸುವ ಪಲ್ಸ್ ಆಕ್ಸಿಮೀಟರನ್ನು ಕಾಲಿಗೆ ಹಚ್ಚಿದೆ. ಮಲಗಿದ್ದಾಗ 96, ಅತ್ತಾಗ 86. ತಡಮಾಡದೆ ಆಂಬ್ಯುಲೆನ್ಸ್‌ನಲ್ಲಿ ಯಾದಗಿರಿಗೆ ಕಳಿಸಿದೆವು.

ಅಲ್ಲಿಯ ಮಕ್ಕಳ ವೈದ್ಯರು ಎರಡು ದಿನ ಇಟ್ಟುಕೊಂಡು ನೋಡಿದರು. ಸದ್ಯಕ್ಕೆ ತುರ್ತೇನಿಲ್ಲ, ಹೃದಯದಲ್ಲಿ ರಂಧ್ರವಿರಬಹುದು, ಹದಿನೈದು ದಿನಕ್ಕೊಮ್ಮೆ ಗುರುವಾರ ಬರುವ ಹೃದಯ ತಜ್ಞರ ಹತ್ತಿರ ಎಕೋ, ಅಂದರೆ ಹೃದಯದ ಸ್ಕ್ಯಾನಿಂಗ್, ಮಾಡಿಸಿ ಎಂದು ಬರೆದುಕೊಟ್ಟರು. ಊರಿಗೆ ಮರಳಿದ ದ್ಯಾವಮ್ಮ ಚೀಟಿ ಹಿಡಿದು ನೇರ ನನ್ನ ಹತ್ತಿರ ಬಂದಳು. ಮನೆಯಲ್ಲಿ ಏನು ಜೋಪಾನ ಮಾಡಬೇಕೆಂದು ಕೇಳಿದಳು. ಒಳಗೆ ಇನ್ನೊಬ್ಬಳಿಗೆ ನೋವು ಜೋರಾಗಿತ್ತು. ಕೈಗವಸು ಏರಿಸುತ್ತಲೇ, "ಅತ್ತರ ನೀಲಿ ಆಗ್ತದ. ಕೂಸಿಗೆ ಅಳಸಬ್ಯಾಡ್ರಿ, ಅಷ್ಟ" ಎಂದು ಒಳಗೆ ಹೋದೆ.

ಗುರುವಾರ ಅವರು ಎಕೋಗೆ ಹೋಗಲಿಲ್ಲ. ಬಾಕಿಯಿದ್ದ ಬಿಸಿಜಿ ಚುಚ್ಚುಮದ್ದಿಗೂ ಬರಲಿಲ್ಲ. ನನಗೆ ಸಿಟ್ಟು ನೆತ್ತಿಗೇರಿತು. ತಕ್ಕಡಿ ಹಿಡಿದು ನಾನೇ ಮನೆಗೆ ಹೋದೆ. ಓಣಿಗೆ ಕಾಲಿಡುತ್ತಿದ್ದಂತೆ ಕಟ್ಟೆಯ ಮೇಲಿದ್ದ ಮುದುಕನೊಬ್ಬ ಬಾಯಿಗೆ ಬೆರಳಿಟ್ಟು, ಮೆಲ್ಲಗೆ ನಡೆಯಲು ಸನ್ನೆ ಮಾಡಿದ. ಮನೆಯಲ್ಲಿ ಎಲ್ಲರೂ ಪಿಸುಮಾತಿನಲ್ಲಿದ್ದರು. ಓಣಿಯ ಹೆಂಗಸರು ಪಾಳಿ ಹಚ್ಚಿ ಕೂಸನ್ನು ಎತ್ತಿಕೊಂಡೇ ಇದ್ದರು. ನೀರು ಹಾಕಿದರೆ ಅಳುತ್ತದೆಂದು ಎರೆಯುವುದನ್ನು ಬಿಟ್ಟಿದ್ದರು. ಹದಿಮೂರನೆಯ ದಿನದ ತೊಟ್ಟಿಲು ಕಾರ್ಯವನ್ನೂ ಕೈಬಿಟ್ಟಿದ್ದರು. ನಮ್ಮ ಕಡೆ ಸೋದರತ್ತೆ ಕೂಸಿನ ಕಿವಿಯಲ್ಲಿ ಹೆಸರು ಹೇಳಿದ ಕೂಡಲೇ ಹೆಂಗಸರೆಲ್ಲ ಸೇರಿ ಅವಳ ಬೆನ್ನಿಗೆ ಧಪಧಪ ಗುದ್ದುತ್ತಾರೆ. ಆ ಗದ್ದಲಕ್ಕೆ ಅಳದ ಕೂಸಿಲ್ಲ. ಹೀಗಾಗಿ ಹೆಸರಿಡಲು ಬಂದವಳಿಗೆ ಉಣ್ಣಲು ಹಾಕಿ ಹಾಗೆಯೇ ವಾಪಸು ಕಳಿಸಿದ್ದರಂತೆ.

ಸಾವಿತ್ರಿ ಗೋಡೆಗೆ ಒರಗಿ ಕೂತಲ್ಲೇ ತೂಕಡಿಸುತ್ತಿದ್ದಳು. ಕೂಸು ಕುಂಯ್ ಎಂದರೆ ಸಾಕು, ಬಾಯಿಗೆ ಮೊಲೆ. ಹೊಟ್ಟೆ ತುಂಬ ಕುಡಿಯುವಷ್ಟು ಹಸಿಯಲು ಬಿಟ್ಟರೆ ತಾನೆ! ತೂಗಿದರೆ ಮೂರು ವಾರಕ್ಕೆ ಬರೀ ನೂರು ಗ್ರಾಂ ಏರಿತ್ತು. ನಾನು ಬಾಯಿಗೆ ಬಂದಂತೆ ಬೈದೆ. ದ್ಯಾವಮ್ಮ ಎಲ್ಲವನ್ನೂ ಕೇಳಿಸಿಕೊಂಡು, ಒಂದಿಷ್ಟು ಹೆಮ್ಮೆಯಿಂದಲೇ ಉತ್ತರ ಕೊಟ್ಟಳು.

"ಬಾಯಾರ, ನೀವು ಹೇಳಿದಂಗ ಮಾಡೀವ್ರಿ. ಒಂದ್ ಸಲನೂ ಅಳಸಿಲ್ಲ ನೋಡ್ರಿ."

ಬೈಯುವುದನ್ನು ಬಿಟ್ಟು, ತಕ್ಕಡಿ ಬದಿಗಿಟ್ಟು ಅವಳ ಪಕ್ಕದಲ್ಲಿ ಕೂತೆ. ಎಕೋದ ಮುಂದಿನ ಸರದಿಗೆ ನಾನೇ ಜೊತೆಗೆ ಬರುತ್ತೇನೆಂದು ಹೇಳಿ ಹೇಗೋ ಒಪ್ಪಿಸಿದೆ. ರಜೆ ಹಾಕಿ ಅವರೊಂದಿಗೆ ಜೀಪಿನಲ್ಲಿ ಯಾದಗಿರಿಗೆ ಹೋದೆ.

ಕೂಸು ಮಲಗಿದ್ದಾಗಲೇ ತಜ್ಞರು ಎದೆಯ ಮೇಲೆ ಎಕೋ ಯಂತ್ರದ ಹಿಡಿ ಆಡಿಸಿ ನೋಡಿದರು. ರಂಧ್ರ ಕಂಡಿತು. ಅತ್ತಾಗ ರಕ್ತ ಯಾವ ಕಡೆ ಹಾಯುತ್ತದೆಂದು ನೋಡದೆ ಖಚಿತವಾಗಿ ಹೇಳಲಾಗದು, ಸ್ವಲ್ಪ ಅಳಲು ಬಿಡಿ ಎಂದರು. ಆಪರೇಶನ್ ಬೇಕೋ ಬೇಡವೋ ಅದರ ಮೇಲೆಯೇ ನಿಂತಿತ್ತು. ದ್ಯಾವಮ್ಮ ಕೂಸನ್ನು ಬಾಚಿಕೊಂಡು ಬಾಗಿಲಿಗೆ ನಡೆದೇಬಿಟ್ಟಳು. ನಾನು ಅಡ್ಡ ನಿಂತೆ. ಇಪ್ಪತ್ನಾಲ್ಕು ವರ್ಷದ ಸರ್ವಿಸಿನಲ್ಲಿ ಯಾರಿಗೂ ಹೇಳದ ಮಾತನ್ನು ಅವಳಿಗೆ ಹೇಳಿದೆ: "ದ್ಯಾವಮ್ಮ, ತಪ್ಪು ನಂದದ. ಅವಸರದಾಗ ನಿನಗ ಅರ್ಧಾ ಹೇಳಿದೆ."

ಅವಳು ಆದರೂ ಕೂಸನ್ನು ಬಿಡಲಿಲ್ಲ. ಆಗ ಅಷ್ಟು ದಿನವೂ ತುಟಿ ಬಿಚ್ಚದಿದ್ದ ಸಾವಿತ್ರಿ ಎದ್ದು ಬಂದು ಕೈ ಚಾಚಿದಳು.

"ಕೊಡು ಯವ್ವಾ, ಅಳ್ಲಿ. ನನ್ನ ಮಗನ ಧ್ವನಿ ಹ್ಯಾಂಗದ ಅಂತ ನನಗ ಮರತೇ ಹೋಗ್ಯದ."

ಅವಳೇ ಅವನನ್ನು ಮೇಜಿನ ಮೇಲೆ ಮಲಗಿಸಿ ಕೈ ತೆಗೆದಳು. ಕೂಸು ಕೋಣೆ ಹಾರಿಹೋಗುವಂತೆ ಅತ್ತಿತು. ತುಟಿ ನೀಲಿಯಾಯಿತು. ದ್ಯಾವಮ್ಮ ಗೋಡೆಯ ಕಡೆ ತಿರುಗಿ ನಿಂತಳು. ಸಾವಿತ್ರಿ ಕಣ್ಣು ಒರೆಸಿಕೊಳ್ಳುತ್ತ ನಗುತ್ತಿದ್ದಳು. ತಜ್ಞರು ಪರದೆ ತೋರಿಸಿ ವಿವರಿಸಿದರು. ಹೊಟ್ಟೆಯಲ್ಲಿರುವಾಗ ಕೂಸು ಉಸಿರಾಡುವುದಿಲ್ಲ. ಅದಕ್ಕೇ ರಕ್ತ ಶ್ವಾಸಕೋಶಕ್ಕೆ ಹೋಗದೆ ನೇರ ಹಾಯಲೆಂದು ಹೃದಯದ ಮೇಲಿನ ಎರಡು ಕೋಣೆಗಳ ನಡುವೆ ಫೊರಾಮೆನ್ ಒವಾಲೆ ಎಂಬ ಕಿರುಬಾಗಿಲು ಇರುತ್ತದೆ. ಹುಟ್ಟಿದ ಮೇಲೆ ಅದು ಮುಚ್ಚಬೇಕು. ಇವನದು ಮೂರು ಮಿಲಿಮೀಟರ್ ತೆರೆದೇ ಉಳಿದಿತ್ತು. ಜೋರಾಗಿ ಅತ್ತಾಗ ಎದೆಯೊಳಗೆ ಒತ್ತಡ ಹೆಚ್ಚಿ, ಆಮ್ಲಜನಕವಿಲ್ಲದ ರಕ್ತ ಅದರೊಳಗಿಂದ ದಾಟುತ್ತಿತ್ತು. ಬೇರೆ ದೋಷವಿರಲಿಲ್ಲ. ಆಪರೇಶನ್ ಬೇಡ, ಔಷಧ ಬೇಡ, ತಾನೇ ಮುಚ್ಚುವ ಸಾಧ್ಯತೆಯೇ ಹೆಚ್ಚು ಎಂದರು.

ಮರಳಿದ ಕೂಡಲೇ ನಮ್ಮ ಕೇಂದ್ರದಲ್ಲಿ ಬಿಸಿಜಿ ಹಾಕಿದೆ. ಈ ಸಲ ದ್ಯಾವಮ್ಮನನ್ನು ಪಕ್ಕದಲ್ಲೇ ನಿಲ್ಲಿಸಿಕೊಂಡೆ. ಅತ್ತು ನೀಲಿಯಾಗಿ, ಸುಮ್ಮನಾದ ಮೇಲೆ ಕೆಂಪಾದರೆ ಹೆದರಬೇಡ; ಸುಮ್ಮನೆ ಮಲಗಿದ್ದಾಗ ನೀಲಿಯಾದರೆ, ಮೊಲೆ ಕುಡಿಯದಿದ್ದರೆ, ನಿಂತ ಹೆಜ್ಜೆಯಲ್ಲಿ ಓಡಿ ಬಾ ಎಂದು ಹೇಳಿ, ಅವಳ ಬಾಯಿಂದಲೂ ಹೇಳಿಸಿದೆ. ಸಾವಿತ್ರಿ ಅಂದು ಆಸ್ಪತ್ರೆಯ ಬೆಂಚಿನ ಮೇಲೆಯೇ ಎರಡು ತಾಸು ನಿದ್ದೆ ಹೊಡೆದಳು. ಮುಂದಿನ ತಿಂಗಳು ಕೂಸಿನ ತೂಕ ಎಂಟುನೂರು ಗ್ರಾಂ ಏರಿತು. ವರ್ಷ ತುಂಬಿದಾಗಿನ ಎಕೋದಲ್ಲಿ ರಂಧ್ರ ಮುಚ್ಚಿತ್ತು.

ಹಳ್ಳಿಯ ಜನ ನಮ್ಮ ಮಾತು ಕೇಳುವುದಿಲ್ಲ ಎಂದು ನಾವು ನರ್ಸುಗಳು ದಿನಾ ಗೊಣಗುತ್ತಿದ್ದೆವು. ದ್ಯಾವಮ್ಮ ನನ್ನ ಮಾತನ್ನು ಒಂದಕ್ಷರವೂ ಬಿಡದೆ ಕೇಳಿದ್ದಳು. ಕೇಳುವವರಿದ್ದಾರೆ ಎಂದು ತಿಳಿದು ಮಾತಾಡುವುದನ್ನು ನಾನು ಕಲಿತದ್ದು ಆಮೇಲೆ.